ತಿಂಗಳ ಅಪಘಾತ ಪಟ್ಟಿ: ಪುಕ್ಕಟೆ ಸಿಗುವ ಈ ಸೇವೆ ಉತ್ತರ ಕನ್ನಡದವರಿಗೆ ಎಷ್ಟರಮಟ್ಟಿಗೆ ಕೆಲಸಕ್ಕೆ ಬರುತ್ತದೆ?

‘ಕಳೆದ ತಿಂಗಳಿಗಿಂತ ಅಪಘಾತ ಇಳಿಕೆ’, ‘ಹೆದ್ದಾರಿ ಸಾವು ದುಪ್ಪಟ್ಟು’. ಕಾರವಾರ, ಶಿರಸಿ ಕಡೆಯ ಪತ್ರಿಕೆಗಳಲ್ಲಿ ಆಗಾಗ ಕಾಣುವ ಇಂಥ ತಲೆಬರಹಗಳ ಬೇರು ಪೊಲೀಸ್ ಇಲಾಖೆಯ ಅಂಕಿಪಟ್ಟಿಯಲ್ಲಿದೆ. ಹೋಟೆಲಿನ ಬನ್ಸಿಗೂ ಮೊಬೈಲಿನ ಕ್ಯಾಮೆರಾಕ್ಕೂ ನಕ್ಷತ್ರ ಹಾಕುವವರು ಈ ಪಟ್ಟಿಯನ್ನು ಒಂದು ಸೇವೆ ಎಂದು ಕಂಡದ್ದೇ ಕಡಿಮೆ. ಆದರೆ ಶಾಲೆಯ ಎದುರು ಹಂಪ್ ಬೇಕೆಂದು ಮನವಿ ಬರೆಯುವ ಪಂಚಾಯ್ತಿ ಸದಸ್ಯರು, ವರದಿಗಾರರು, ಎಂಜಿನಿಯರಿಂಗ್ ವಿದ್ಯಾರ್ಥಿಗಳು, ವಿಮೆ ಪರಿಹಾರಕ್ಕೆ ಓಡಾಡುವ ಮನೆಯವರು ಎಲ್ಲರಿಗೂ ಇದು ಬೇಕಾಗುತ್ತದೆ. ಹಾಗಾಗಿ ಇದರ ಗುಣದೋಷ ನೋಡುವುದು ನ್ಯಾಯವೇ.

ಇಲ್ಲಿ ನೋಡುತ್ತಿರುವುದು ಮೂರು ಬಾಗಿಲುಗಳನ್ನು. ರಾಜ್ಯ ಪೊಲೀಸರ ಜಾಲತಾಣದಲ್ಲಿ ಬರುವ ತಿಂಗಳ ಅಪರಾಧ ವಿಮರ್ಶೆಯ ಪಟ್ಟಿ ಒಂದು. ಅದೇ ಜಾಲತಾಣದಲ್ಲಿರುವ ಎಫ್‌ಐಆರ್ ಹುಡುಕಾಟ ಇನ್ನೊಂದು. ಮೂರನೆಯದು ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ಇ-ಡಿಎಆರ್, ಅಂದರೆ ಅಪಘಾತದ ವಿವರಗಳನ್ನು ಆನ್‌ಲೈನಿನಲ್ಲಿ ದಾಖಲಿಸುವ ವ್ಯವಸ್ಥೆ. ಮದರಾಸಿನ ಐಐಟಿ ವಿನ್ಯಾಸ ಮಾಡಿ, ಕೇಂದ್ರ ಸರಕಾರದ ಕಂಪ್ಯೂಟರ್ ಸಂಸ್ಥೆ ಎನ್‌ಐಸಿ ಕಟ್ಟಿದ ಈ ವ್ಯವಸ್ಥೆಗೆ ಮೊದಲು ಐರಾಡ್ ಎಂಬ ಹೆಸರಿತ್ತು. 2021ರಲ್ಲಿ ಮೊದಲ ಸುತ್ತಿಗೆ ಆಯ್ದುಕೊಂಡ ಆರು ರಾಜ್ಯಗಳಲ್ಲಿ ಕರ್ನಾಟಕವೂ ಒಂದು.

ತೀರ್ಪು ಮೊದಲೇ ಹೇಳಿಬಿಡುತ್ತೇವೆ. ಕಚ್ಚಾ ಸರಕಾಗಿ ಇದು ಒಳ್ಳೆಯ ಸೇವೆ. ‘ಈ ತಿಂಗಳು ಏರಿತು, ಆ ತಿಂಗಳು ಇಳಿಯಿತು’ ಎಂದು ಹೇಳುವುದಕ್ಕೆ ಮಾತ್ರ ನಮ್ಮಂಥ ಜಿಲ್ಲೆಯಲ್ಲಿ ಇದನ್ನು ಬಳಸಲೇಬಾರದು. ಎಲ್ಲಿ, ಎಷ್ಟು ಹೊತ್ತಿಗೆ, ಯಾವ ಬಗೆಯ ಡಿಕ್ಕಿ ಎಂಬ ಮೂರನ್ನು ಮೂರು ವರ್ಷದ ರಾಶಿಯಿಂದ ಹೆಕ್ಕಿದರೆ ಬಂಗಾರ. ತಿಂಗಳ ಮೊತ್ತವೊಂದನ್ನೇ ಹಿಡಿದುಕೊಂಡು ಕೂತರೆ ಹೊಟ್ಟು.

ತಿಂಗಳ ಪಟ್ಟಿಯಿಂದಲೇ ಶುರು ಮಾಡೋಣ. ಅದರಲ್ಲಿ ಜಿಲ್ಲೆಗೊಂದು ಸಾಲು: ಮಾರಣಾಂತಿಕ ಅಪಘಾತ ಎಷ್ಟು, ಉಳಿದವು ಎಷ್ಟು, ಸತ್ತವರು, ಗಾಯಗೊಂಡವರು. ಉತ್ತರ ಕನ್ನಡಕ್ಕೂ ಒಂದೇ ಸಾಲು. ಭಟ್ಕಳದ ಕಡಲಂಚಿನಿಂದ ಹಳಿಯಾಳದ ಕಬ್ಬಿನ ಗದ್ದೆಯವರೆಗೆ ಹನ್ನೆರಡು ತಾಲೂಕು, ಮೂರು ನಮೂನೆಯ ರಸ್ತೆ, ಎರಡು ನಮೂನೆಯ ಮಳೆ, ಎಲ್ಲ ಒಂದೇ ಅಂಕಿಯೊಳಗೆ. ಕಾರವಾರ ಊರಿನದು, ಶಿರಸಿ ಊರಿನದು ಬೇಕೆಂದರೆ ಈ ಪಟ್ಟಿ ಕೈಕೊಡುತ್ತದೆ. ಠಾಣೆವಾರು ಲೆಕ್ಕಕ್ಕೆ ಇಳಿಯಬೇಕು. ಅಲ್ಲೂ ಜಾಗ್ರತೆ ಬೇಕು. ಕಾರವಾರ ಎಂದರೆ ಶಹರ ಠಾಣೆ ಒಂದೇ ಅಲ್ಲ. ಸಂಚಾರ ಠಾಣೆ, ಗ್ರಾಮೀಣ ಠಾಣೆ, ಕಾಳಿ ಸೇತುವೆ ದಾಟಿದ ಮೇಲಿನ ಸದಾಶಿವಗಡ ಕಡೆಗೆ ಚಿತ್ತಾಕುಲ ಠಾಣೆ, ಎಲ್ಲ ಸೇರಿಸಿದರೇನೇ ಊರಿನ ನಿಜವಾದ ಚಿತ್ರ. ಶಿರಸಿಗೂ ಹೊಸ ಮಾರುಕಟ್ಟೆ ಠಾಣೆಯದೊಂದೇ ಹಿಡಿದರೆ ಅರ್ಧ ಊರು ಹೊರಗೇ ಉಳಿಯುತ್ತದೆ.

ಈ ಸಾಲಿನಲ್ಲಿರುವ ಅಂಕಿ ಅಪಘಾತವಾದ ತಿಂಗಳದ್ದಲ್ಲ, ಪ್ರಕರಣ ದಾಖಲಾದ ತಿಂಗಳದ್ದು. ಮೂವತ್ತೊಂದರ ರಾತ್ರಿ ಹೊನ್ನಾವರದಲ್ಲಿ ಬಿದ್ದವರ ಫಿರ್ಯಾದಿ ಎರಡನೇ ತಾರೀಖು ದಾಖಲಾದರೆ ಲೆಕ್ಕ ಮುಂದಿನ ತಿಂಗಳಿಗೆ. ಮೊದಲು ಆಸ್ಪತ್ರೆ, ಆಮೇಲೆ ಠಾಣೆ ಎಂಬುದು ಮನೆಯವರ ಸಹಜ ಕ್ರಮ. ಆದ್ದರಿಂದ ಎರಡು ಮೂರು ದಿನದ ತಡ ಮಾಮೂಲು, ಕೆಲವೊಮ್ಮೆ ವಾರ. ಡಿಸೆಂಬರ್ ಕೊನೆಯ ವಾರ ಗೋಕರ್ಣ, ಮುರ್ಡೇಶ್ವರ, ದಾಂಡೇಲಿಗೆ ಬರುವ ಪ್ರವಾಸಿಗರ ದಂಡಿನಲ್ಲಿ ಆದ ಅಪಘಾತಗಳ ಒಂದು ಪಾಲು ಜನವರಿಯ ಖಾತೆಗೆ ಬೀಳುವುದು ಹೀಗೆ.

ಸಾವಿನ ಅಂಕಿಯದು ಇದಕ್ಕಿಂತ ದೊಡ್ಡ ತೊಡಕು. ಅಪಘಾತವಾದ 30 ದಿನದೊಳಗೆ ಗಾಯಾಳು ತೀರಿಕೊಂಡರೆ ಅದು ರಸ್ತೆ ಅಪಘಾತದ ಸಾವು ಎಂಬುದು ಕೇಂದ್ರದ ವಾರ್ಷಿಕ ವರದಿ ಅನುಸರಿಸುವ ವ್ಯಾಖ್ಯೆ. ನಮ್ಮ ಜಿಲ್ಲೆಯಲ್ಲಿ ತಲೆಗೆ ಪೆಟ್ಟು ಬಿದ್ದವರನ್ನು ಎಲ್ಲಿಗೆ ಒಯ್ಯುತ್ತಾರೆ? ಕಾರವಾರದ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ಮೊದಲ ಆರೈಕೆ. ಅಲ್ಲಿಂದ ಗೋವಾದ ಬಾಂಬೋಳಿಯ ಸರಕಾರಿ ಆಸ್ಪತ್ರೆಗೆ. ಭಟ್ಕಳ, ಹೊನ್ನಾವರದವರು ಮಣಿಪಾಲ ಅಥವಾ ಮಂಗಳೂರಿಗೆ. ಶಿರಸಿ, ಯಲ್ಲಾಪುರದವರು ಹುಬ್ಬಳ್ಳಿಗೆ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಜಿಲ್ಲೆಯ ಜನ ವರ್ಷಗಟ್ಟಲೆ ಕೇಳುತ್ತಿರುವುದು ಸುಮ್ಮನಲ್ಲ. ಅಂಕಿಯ ಲೆಕ್ಕಕ್ಕೆ ಇದರ ಪರಿಣಾಮ ಏನೆಂದರೆ, ಗಾಯಾಳು ಹುಬ್ಬಳ್ಳಿಯಲ್ಲೋ ಗೋವಾದಲ್ಲೋ ತೀರಿಕೊಂಡಾಗ ಆಸ್ಪತ್ರೆಯ ಸೂಚನೆ ಮೊದಲು ಅಲ್ಲಿಯ ಠಾಣೆಗೆ ಹೋಗಿ, ಅಲ್ಲಿಂದ ಅಪಘಾತ ನಡೆದ ಊರಿನ ಠಾಣೆಗೆ ಬರಬೇಕು. ಆಮೇಲೆ ತನಿಖಾಧಿಕಾರಿ ನ್ಯಾಯಾಲಯಕ್ಕೆ ಬರೆದು, ಗಾಯದ ಕಲಮನ್ನು ಸಾವಿನ ಕಲಮಿಗೆ ಬದಲಿಸಬೇಕು. ಇಷ್ಟೆಲ್ಲ ಆಗುವ ಹೊತ್ತಿಗೆ ಆ ತಿಂಗಳ ಪಟ್ಟಿ ಹೊರಬಿದ್ದಾಗಿರುತ್ತದೆ. ಜುಲೈ ತಿಂಗಳ ಸಾವು ಆಗಸ್ಟ್ ಮೊದಲ ವಾರದ ಪಟ್ಟಿಯಲ್ಲಿ ಕಂಡಷ್ಟೇ ಎಂದುಕೊಂಡರೆ ಮೋಸ. ಸೆಪ್ಟೆಂಬರ್ ಅರ್ಧ ಕಳೆದ ಮೇಲೆ ಅದೇ ಜುಲೈ ಲೆಕ್ಕವನ್ನು ಮತ್ತೊಮ್ಮೆ ಕೇಳಿ ತೆಗೆದುಕೊಳ್ಳಬೇಕು. ಪಟ್ಟಿಯ ಹೆಗ್ಗೊರತೆ ಇದೇ: ಹಳೆಯ ತಿಂಗಳ ಅಂಕಿ ತಿದ್ದುಪಡಿಯಾಯಿತೇ, ಎಷ್ಟಾಯಿತು ಎಂದು ಹೇಳುವ ಒಂದು ಅಂಕಣ ಇದ್ದಿದ್ದರೆ ಅರ್ಧ ಗೊಂದಲ ತಪ್ಪುತ್ತಿತ್ತು.

ಪ್ರಕರಣದ ಸಂಖ್ಯೆ ಬೇರೆ, ಸಾವಿನ ಸಂಖ್ಯೆ ಬೇರೆ ಎಂಬುದನ್ನು ನಮ್ಮ ಜಿಲ್ಲೆ ಮರೆಯುವಂತಿಲ್ಲ. 2025ರ ಜನವರಿ 22ರ ಬೆಳಗಿನ ಜಾವ, ಸವಣೂರಿನಿಂದ ಕುಮಟಾ ಸಂತೆಗೆ ತರಕಾರಿ ಮತ್ತು ವ್ಯಾಪಾರಿಗಳನ್ನು ಹೊತ್ತು ಬರುತ್ತಿದ್ದ ಲಾರಿ ಯಲ್ಲಾಪುರ ತಾಲೂಕಿನ ಗುಳ್ಳಾಪುರದ ಬಳಿ ಪಲ್ಟಿಯಾಯಿತು. ಸತ್ತವರು ಹತ್ತಕ್ಕೆ ಕಡಿಮೆಯಿಲ್ಲ. ಪಟ್ಟಿಯಲ್ಲಿ ಅದು ಒಂದು ಅಪಘಾತ. ಆ ಜನವರಿಯ ಸಾವಿನ ಅಂಕಿಯನ್ನು ಹಿಂದಿನ ಜನವರಿಯ ಜತೆ ಇಟ್ಟು ‘ಏರಿಕೆ’ ಎಂದು ಬರೆದರೆ, ರಸ್ತೆಯ ಬಗ್ಗೆ ಏನೂ ಹೇಳಿದಂತಾಗುವುದಿಲ್ಲ. ಸರಕು ಸಾಗಣೆಯ ಲಾರಿಯಲ್ಲಿ ಮೂಟೆಗಳ ಮೇಲೆ ಜನ ಕೂತು ಘಟ್ಟ ಇಳಿಯುವುದರ ಬಗ್ಗೆ ಮಾತ್ರ ಅದು ಹೇಳುತ್ತದೆ. ಆ ಮಾತು ಬೇಕಾದದ್ದೇ, ಆದರೆ ಅದಕ್ಕೆ ಬೇರೆ ಅಂಕಣ ಬೇಕು. ಕುಮಟಾ ಸಂತೆ ಬುಧವಾರ, ಶಿರಸಿಯದು ಮಂಗಳವಾರ, ಕಾರವಾರದ್ದು ರವಿವಾರ. ಸಂತೆ ವಾರ ಒಂದು ತಿಂಗಳಲ್ಲಿ ನಾಲ್ಕು ಸಲ ಬಂದಿದೆಯೋ ಐದು ಸಲವೋ ಎಂದು ಕ್ಯಾಲೆಂಡರ್ ನೋಡದೆ ತಿಂಗಳನ್ನು ತಿಂಗಳ ಜತೆ ತೂಗುವುದು ತಕ್ಕಡಿಯನ್ನೇ ನೋಡದೆ ತೂಗಿದ ಹಾಗೆ.

ಕ್ಯಾಲೆಂಡರಿನ ತಕರಾರು ಇಷ್ಟಕ್ಕೇ ಮುಗಿಯುವುದಿಲ್ಲ. ‘ಕಳೆದ ವರ್ಷದ ಇದೇ ತಿಂಗಳು’ ಎಂಬ ಹೋಲಿಕೆ ಕೇಳಲು ಚೆಂದ, ಇಲ್ಲಿ ಅದು ಹಲವು ಸಲ ತಪ್ಪುತ್ತದೆ. ಶಿರಸಿ ಮಾರಿಕಾಂಬೆ ಜಾತ್ರೆ ಎರಡು ವರ್ಷಕ್ಕೊಮ್ಮೆ. 2024ರ ಮಾರ್ಚ್‌ನಲ್ಲಿ ಜಾತ್ರೆ ಇತ್ತು, 2025ರಲ್ಲಿ ಇಲ್ಲ. ಶಿರಸಿಗೆ ಸೇರುವ ಎಲ್ಲ ರಸ್ತೆಗಳಲ್ಲೂ ಜಾತ್ರೆಯ ದಿನಗಳಲ್ಲಿ ಓಡಾಡುವ ವಾಹನದ ಪ್ರಮಾಣವೇ ಬೇರೆ. ಚೌತಿ 2024ರಲ್ಲಿ ಸೆಪ್ಟೆಂಬರ್ 7ಕ್ಕೆ ಬಂತು, 2025ರಲ್ಲಿ ಆಗಸ್ಟ್ 27ಕ್ಕೆ. ಮುಂಬೈ, ಗೋವಾ, ಬೆಂಗಳೂರಿನಿಂದ ಹಬ್ಬಕ್ಕೆ ಊರಿಗೆ ಬರುವ ಕಾರು ಬೈಕುಗಳ ನೂಕುನುಗ್ಗಲು ಒಂದು ತಿಂಗಳು ಹಿಂದಕ್ಕೆ ಜಾರಿತು. ‘ಆಗಸ್ಟ್‌ನಲ್ಲಿ ಏರಿಕೆ, ಸೆಪ್ಟೆಂಬರ್‌ನಲ್ಲಿ ಇಳಿಕೆ’ ಎಂದು ಯಾರಾದರೂ ತೋರಿಸಿದರೆ ಮೊದಲು ಪಂಚಾಂಗ ತೆಗೆಯಿರಿ. ಫೆಬ್ರವರಿಗೆ ದಿನ 28. ಜನವರಿಗಿಂತ ನೂರಕ್ಕೆ ಹತ್ತು ಕಡಿಮೆ. ಇಳಿಕೆ ಅಷ್ಟೇ ಇದ್ದರೆ ಅದು ಇಳಿಕೆಯೇ ಅಲ್ಲ.

ಮಳೆಗಾಲದ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳಬೇಕು, ಏಕೆಂದರೆ ಕರಾವಳಿಯವರ ಊಹೆ ಹೆಚ್ಚು ಸಲ ತಪ್ಪುವುದು ಇಲ್ಲೇ. ಇಷ್ಟು ಮಳೆ ಸುರಿಯುವ ನಾಡಿನಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸಾವು ಜಾಸ್ತಿ ಇರಲೇಬೇಕು ಎಂದು ಅನಿಸುತ್ತದೆ. ದೇಶದ ಲೆಕ್ಕ ಹಾಗೆ ಹೇಳುವುದಿಲ್ಲ. ಒಟ್ಟು ಅಪಘಾತದ ಮುಕ್ಕಾಲು ಪಾಲಿನಷ್ಟು ಬಿಸಿಲಿನ, ತಿಳಿಯಾದ ಹವೆಯಲ್ಲೇ ಆಗುತ್ತದೆ; ಜುಲೈನಿಂದ ಸೆಪ್ಟೆಂಬರ್‌ವರೆಗಿನ ತಿಂಗಳುಗಳು ಬೇಸಿಗೆಯ ತಿಂಗಳುಗಳಿಗಿಂತ ಸಾಮಾನ್ಯವಾಗಿ ಕೆಳಗಿರುತ್ತವೆ. ನಮ್ಮಲ್ಲಿ ಇದಕ್ಕೆ ಸ್ಥಳೀಯ ಕಾರಣಗಳೂ ಕೂಡುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಬಂದರಿನ ಮೀನು ಲಾರಿಗಳ ರಾತ್ರಿ ಓಟ ತಗ್ಗುತ್ತದೆ. ಪ್ರವಾಸಿಗರ ವಾಹನ ಕಡಿಮೆ. ಯಕ್ಷಗಾನ ಮೇಳಗಳ ತಿರುಗಾಟ ನಿಂತಿರುತ್ತದೆ, ಮದುವೆಗಳಿಲ್ಲ, ಹಾಗಾಗಿ ನಡುರಾತ್ರಿ ಬೈಕಿನಲ್ಲಿ ಮನೆಗೆ ಮರಳುವವರೂ ಕಡಿಮೆ. ಎಲ್ಲಕ್ಕಿಂತ ಮುಖ್ಯವಾಗಿ ವೇಗ ತಾನಾಗಿಯೇ ಇಳಿದಿರುತ್ತದೆ.

ಹಾಗಂತ ಮಳೆಗಾಲ ಸುರಕ್ಷಿತ ಎಂದಲ್ಲ. ಅಪಘಾತದ ಜಾತಿ ಬದಲಾಗುತ್ತದೆ. ಎದುರುಬದುರು ಡಿಕ್ಕಿಯ ಬದಲು ಬೈಕು ಜಾರುವುದು, ಹೊಂಡಕ್ಕೆ ಇಳಿದು ಎಗರುವುದು, ಬೆಚ್ಚಗಿನ ಡಾಂಬರಿನ ಮೇಲೆ ಮಲಗಿದ ದನಕ್ಕೆ ರಾತ್ರಿ ಹಾಯುವುದು. ಮೊದಲ ಮಳೆಯ ದಿನಗಳೇ ಹೆಚ್ಚು ಅಪಾಯ. ತಿಂಗಳುಗಟ್ಟಲೆ ಕೂತ ಎಣ್ಣೆ, ಧೂಳು, ರಬ್ಬರಿನ ಪುಡಿ ತೊಳೆದುಹೋಗುವ ಮುನ್ನ ಹನಿ ನೀರಿಗೇ ಲೋಳೆಯಾಗುತ್ತದೆ. ಆಗಸ್ಟ್‌ನಲ್ಲಿ ಬೋಟುಗಳು ಕಡಲಿಗಿಳಿದ ಮೇಲೆ ಮೀನು ಲಾರಿಯಿಂದ ಸುರಿಯುವ ಐಸ್ ನೀರು ಇದೇ ಕೆಲಸ ಮಾಡುತ್ತದೆ, ಅದರಲ್ಲೂ ಸೇತುವೆಯ ಏರು ಮತ್ತು ತಿರುವುಗಳಲ್ಲಿ. ಮತ್ತು ಈ ಬಗೆಯ ಬೀಳುವಿಕೆಗಳೇ ಪಟ್ಟಿಗೆ ಸೇರದೆ ತಪ್ಪಿಸಿಕೊಳ್ಳುವುದು. ತಾನಾಗಿಯೇ ಬಿದ್ದ ಬೈಕ್ ಸವಾರನ ಮೇಲೆ ಪ್ರಕರಣ ದಾಖಲಾದರೆ ಅದರಲ್ಲಿ ಆರೋಪಿಯೂ ಅವನೇ, ಗಾಯಾಳುವೂ ಅವನೇ. ‘ಸೆಲ್ಫ್ ಆಕ್ಸಿಡೆಂಟ್’ ಎಂದು ಕರೆಯುವ ಈ ನಮೂನೆಗೆ ಮನೆಯವರು ಹಿಂದೇಟು ಹಾಕುವುದು ಸಹಜ. ಮಾಲೀಕ-ಚಾಲಕನಿಗೆ ಇರುವ 15 ಲಕ್ಷ ರೂಪಾಯಿಯ ಕಡ್ಡಾಯ ವೈಯಕ್ತಿಕ ಅಪಘಾತ ವಿಮೆ ಕೇಳುವಾಗ ಪೊಲೀಸ್ ದಾಖಲೆ ಬೇಕಾಗುತ್ತದೆ ಎಂಬುದು ಆಗ ನೆನಪಾಗುವುದಿಲ್ಲ. ಹೊಂಡದಿಂದಾದ ಅಪಘಾತ ಎಷ್ಟು ಎಂದು ಪಟ್ಟಿಯನ್ನು ಕೇಳಿದರೆ ಅದು ಮೌನ. ಆಸ್ಪತ್ರೆಯ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಪ್ರಕರಣಗಳ) ದಾಖಲೆ ಕೇಳಿದರೆ ಉತ್ತರ ಬೇರೆ ಇರುತ್ತದೆ.

ಪಟ್ಟಿಯಲ್ಲಿ ಬಾರದ ಇನ್ನೂ ಕೆಲವಿವೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲಿದ್ದವರು ಜೀವ ಕಳೆದುಕೊಂಡರು. ಸತ್ತದ್ದು ರಸ್ತೆಯಲ್ಲಿ, ಆದರೆ ಅದು ಪ್ರಕೃತಿ ವಿಕೋಪ. ವಾಹನ ಅಪಘಾತದ ಲೆಕ್ಕವಲ್ಲ. ಅದೇ ವರ್ಷ ಆಗಸ್ಟ್ 7ರ ನಡುರಾತ್ರಿ ದಾಟುವ ಹೊತ್ತಿಗೆ ಕಾರವಾರದ ಹಳೇ ಕಾಳಿ ಸೇತುವೆ ಮುರಿದು ಲಾರಿಯೊಂದು ನದಿಗೆ ಬಿತ್ತು, ಚಾಲಕ ಬದುಕಿದ. ಎರಡೂ ಘಟನೆಗಳು ಅಂಕಿಯನ್ನು ಪರೋಕ್ಷವಾಗಿ ಬದಲಿಸಿದವು. ಶಿರೂರಿನಲ್ಲಿ ಹೆದ್ದಾರಿ ಬಂದಾದಷ್ಟು ದಿನ ಆ ಭಾಗದಲ್ಲಿ ವಾಹನವೇ ಇಲ್ಲ, ಅಷ್ಟೂ ವಾಹನ ಬೇರೆ ಹಾದಿ ಹಿಡಿದವು. ಕಾಳಿ ಸೇತುವೆಯಲ್ಲಿ ಎರಡು ದಿಕ್ಕಿನ ಸಂಚಾರ ಒಂದೇ ಸೇತುವೆಗೆ ಬಂತು. 2024ರ ಮಳೆಗಾಲವನ್ನು 2023 ಅಥವಾ 2025ರ ಮಳೆಗಾಲದ ಪಕ್ಕ ಇಡುವವರು ಇದನ್ನು ಅಡಿಟಿಪ್ಪಣಿಯಲ್ಲಾದರೂ ಹೇಳಬೇಕು.

ಇನ್ನು ‘ಏರಿಳಿತ’ದ ಗಣಿತ. ಸಂಖ್ಯೆ ಚಿಕ್ಕದಿದ್ದಾಗ ಅದು ಕಾರಣವಿಲ್ಲದೆಯೂ ಕುಣಿಯುತ್ತದೆ. ಸುಲಭದ ಅಳತೆಯೊಂದಿದೆ: ಮೂರು ವರ್ಷದ ಲೆಕ್ಕದಿಂದ ತಿಂಗಳ ಸರಾಸರಿ ತೆಗೆಯಿರಿ, ಆ ಸರಾಸರಿಗೆ ಅದರ ವರ್ಗಮೂಲದ ಎರಡರಷ್ಟನ್ನು ಒಮ್ಮೆ ಕೂಡಿಸಿ, ಒಮ್ಮೆ ಕಳೆಯಿರಿ. ಉದಾಹರಣೆಗೆ ಒಂದು ಠಾಣಾ ವ್ಯಾಪ್ತಿಯಲ್ಲಿ ತಿಂಗಳಿಗೆ ಸರಾಸರಿ 9 ಅಪಘಾತ ಎಂದಿಟ್ಟುಕೊಳ್ಳಿ. ವರ್ಗಮೂಲ 3, ಅದರ ಎರಡರಷ್ಟು 6. ಅಂದರೆ ರಸ್ತೆಯಲ್ಲಿ ಏನೂ ಬದಲಾಗದಿದ್ದರೂ ಒಂದು ತಿಂಗಳು 3, ಇನ್ನೊಂದು ತಿಂಗಳು 15 ಬರಬಹುದು. ನೂರು ತಿಂಗಳಲ್ಲಿ 95ರಷ್ಟು ಈ ಎರಡರ ನಡುವೆಯೇ ಇರುತ್ತವೆ. ಸರಾಸರಿ 4 ಇದ್ದರೆ ಸೊನ್ನೆಯಿಂದ 8ರವರೆಗೆ ಎಲ್ಲವೂ ಮಾಮೂಲು. ‘ನಾಲ್ಕಿದ್ದದ್ದು ಎಂಟಾಯಿತು, ನೂರಕ್ಕೆ ನೂರು ಏರಿಕೆ’ ಎಂಬ ಸುದ್ದಿ ಗಣಿತದ ಕಣ್ಣಿಗೆ ಸುದ್ದಿಯೇ ಅಲ್ಲ. ಅದೇ 4ರ ಸರಾಸರಿಯನ್ನು ಮೂರು ವರ್ಷಕ್ಕೆ ಕೂಡಿಸಿದರೆ 144. ವರ್ಗಮೂಲ 12, ಎರಡರಷ್ಟು 24. ಈಗ ತೂಗಾಟ ನೂರಕ್ಕೆ ಹದಿನೇಳರೊಳಗೆ ಬಂತು, ಮಾತಾಡಲು ಒಂದು ನೆಲೆ ಸಿಕ್ಕಿತು. ಬೆಂಗಳೂರಿನಂಥ ಊರಿನಲ್ಲಿ ತಿಂಗಳ ಅಂಕಿ ಏನಾದರೂ ಹೇಳೀತು. 2011ರ ಜನಗಣತಿಯಲ್ಲಿ ಲಕ್ಷವನ್ನೂ ಮುಟ್ಟದ ಕಾರವಾರ, ಶಿರಸಿಗೆ ಹನ್ನೆರಡು ತಿಂಗಳ ಜಾರು ಮೊತ್ತವೇ ಸರಿ: ಪ್ರತಿ ತಿಂಗಳೂ ಹೊಸ ತಿಂಗಳನ್ನು ಸೇರಿಸಿ, ಹದಿಮೂರನೇ ಹಳೆಯದನ್ನು ಬಿಡುವುದು. ಹಬ್ಬ, ಮಳೆ, ಮೀನುಗಾರಿಕೆ ನಿಷೇಧ ಎಲ್ಲ ಅದರೊಳಗೆ ಹೆಚ್ಚುಕಡಿಮೆ ಒಂದೊಂದು ಸಲ ಬಂದುಹೋಗುತ್ತವೆ.

ತಿಂಗಳ ಪಟ್ಟಿಗೆ ನಮ್ಮ ಅಂಕ ಐದಕ್ಕೆ ಎರಡು. ಪುಕ್ಕಟೆ, ನಿಯಮಿತ ಎಂಬುದಕ್ಕೆ ಆ ಎರಡು.

ಎಫ್‌ಐಆರ್ ಹುಡುಕಾಟ ಇದಕ್ಕಿಂತ ಬಹಳ ಮೇಲು. ಜಿಲ್ಲೆ, ಠಾಣೆ, ವರ್ಷ, ಗುನ್ನಾ ನಂಬರ್ (ಠಾಣೆ ಕೊಡುವ ಪ್ರಕರಣದ ಸಂಖ್ಯೆ) ಕೊಟ್ಟರೆ ಪ್ರತಿ ಇಳಿಯುತ್ತದೆ. ಲೈಂಗಿಕ ಅಪರಾಧದಂಥ ಸೂಕ್ಷ್ಮ ಪ್ರಕರಣ ಸಿಗುವುದಿಲ್ಲ, ಅಪಘಾತದ್ದು ಸಿಗುತ್ತದೆ. ಒಂದು ಠಾಣೆಯ ಒಂದು ವರ್ಷದ ನಂಬರುಗಳನ್ನು ಸಾಲಾಗಿ ತೆರೆದು ಅಪಘಾತದವನ್ನು ಬೇರೆ ಮಾಡುವುದು ಬೇಸರದ ಕೆಲಸ, ಆದರೆ ಫಲ ಅಲ್ಲೇ ಇದೆ. ಬೇರೆ ಮಾಡುವಾಗ ಕಲಮು ನೋಡಬೇಕು. 2024ರ ಜುಲೈ 1ರಿಂದ ಈಚಿನವಕ್ಕೆ ಭಾರತೀಯ ನ್ಯಾಯ ಸಂಹಿತೆ: ಅಜಾಗರೂಕ ಚಾಲನೆಗೆ 281, ಸಾದಾ ಗಾಯಕ್ಕೆ 125(ಎ), ಭಾರೀ ಗಾಯಕ್ಕೆ 125(ಬಿ), ಸಾವಿಗೆ 106(1). ಅದಕ್ಕೂ ಹಿಂದಿನವಕ್ಕೆ ಐಪಿಸಿ 279, 337, 338, 304(ಎ). ಬರೀ 106(1) ಎಂದು ಹುಡುಕಿ ಎಣಿಸಿದರೆ ಲೆಕ್ಕ ಕೆಡುತ್ತದೆ, ಏಕೆಂದರೆ ವಿದ್ಯುತ್ ತಗುಲಿದ ಸಾವು, ಕಲ್ಲುಕ್ವಾರಿಯ ಸಾವು, ವೈದ್ಯರ ನಿರ್ಲಕ್ಷ್ಯದ ಆರೋಪ ಎಲ್ಲವೂ ಅದೇ ಕಲಮಿನಡಿ ಬರುತ್ತವೆ. 281 ಜತೆಗಿದ್ದರೆ ಮಾತ್ರ ರಸ್ತೆಯದ್ದೆಂದು ಹಿಡಿಯಬೇಕು. ಹೊಸ ಕಾಯ್ದೆ ಬಂದ ಹೊತ್ತಿಗೆ ಹಳೆಯ ಕಲಮುಗಳನ್ನೇ ಹುಡುಕಿ ‘2024ರ ಉತ್ತರಾರ್ಧದಲ್ಲಿ ಭಾರೀ ಇಳಿಕೆ’ ಕಂಡುಹಿಡಿಯುವವರೂ ಇರುತ್ತಾರೆ.

ಪ್ರತಿ ತೆರೆದಾಗ ಕಣ್ಣು ಹಾಯಿಸಬೇಕಾದದ್ದು ನಾಲ್ಕೇ ಕಡೆ: ಘಟನೆಯ ದಿನ ಮತ್ತು ವೇಳೆ (ದೂರು ಬಂದ ವೇಳೆಯಲ್ಲ), ಠಾಣೆಯಿಂದ ಸ್ಥಳದ ದಿಕ್ಕು ಮತ್ತು ದೂರ, ಎರಡೂ ಕಡೆಯ ವಾಹನಗಳು, ಕೊನೆಯಲ್ಲಿ ಫಿರ್ಯಾದಿಯ ಸಾರ. ಸ್ಥಳದ ಹೆಸರಿನಲ್ಲಿ ಎಡವುವುದು ಸುಲಭ. ಹೆದ್ದಾರಿ 66ರ ಮೇಲೆಯೇ ಶಿರೂರು ಎರಡಿವೆ, ಒಂದು ಅಂಕೋಲಾದ್ದು, ಇನ್ನೊಂದು ಭಟ್ಕಳ ದಾಟಿದ ಮೇಲೆ ಬೈಂದೂರಿನದು. ಹಳೆಯ ಕಾಗದಗಳಲ್ಲಿ 66ಕ್ಕೆ 17 ಎಂದೂ, ಅಂಕೋಲಾ–ಹುಬ್ಬಳ್ಳಿಯ 52ಕ್ಕೆ 63 ಎಂದೂ, ಹೊನ್ನಾವರ–ಗೇರುಸೊಪ್ಪೆಯ 69ಕ್ಕೆ 206 ಎಂದೂ ಇರುತ್ತದೆ. ಕುಮಟಾ–ಶಿರಸಿ ಈಗ 766-ಇ. ಇವನ್ನು ಒಂದೇ ಹೆಸರಿಗೆ ತಾರದೆ ರಾಶಿ ಹಾಕಿದರೆ ಒಂದೇ ತಿರುವು ಎರಡು ಸಾಲಿನಲ್ಲಿ ಹಂಚಿಹೋಗಿ, ಯಾವುದೂ ಕಪ್ಪು ಚುಕ್ಕೆ, ಅಂದರೆ ಮೇಲಿಂದ ಮೇಲೆ ಅಪಘಾತವಾಗುವ ಜಾಗ, ಎನಿಸುವುದಿಲ್ಲ. ರಾಷ್ಟ್ರೀಯ ಹೆದ್ದಾರಿಯಲ್ಲಿ ಕಪ್ಪು ಚುಕ್ಕೆ ಎನಿಸಲು ಸುಮಾರು 500 ಮೀಟರ್ ಉದ್ದದೊಳಗೆ ಮೂರು ವರ್ಷದಲ್ಲಿ ಸಾವು ಅಥವಾ ಭಾರೀ ಗಾಯದ 5 ಅಪಘಾತ, ಇಲ್ಲವೇ 10 ಸಾವು ಆಗಿರಬೇಕು. ಅಂಥ ಚಿಕ್ಕ ಅಳತೆಗೆ ‘ಅರಬೈಲ್ ಘಟ್ಟದಲ್ಲಿ’ ಎಂಬ ವಿವರ ಸಾಲದು, ಕಿಲೋಮೀಟರ್ ಕಲ್ಲು ಬೇಕು.

ಫಿರ್ಯಾದಿಯ ಸಾರವನ್ನು ಹತ್ತಿರದಿಂದ ನೋಡಿದರೆ ಒಂದು ಧಾಟಿ ಕಾಣುತ್ತದೆ: ಆರೋಪಿತನು ತನ್ನ ವಾಹನವನ್ನು ಅತಿವೇಗ ಹಾಗೂ ನಿಷ್ಕಾಳಜಿತನದಿಂದ, ಮಾನವ ಪ್ರಾಣಕ್ಕೆ ಅಪಾಯವಾಗುವ ರೀತಿಯಲ್ಲಿ ಚಲಾಯಿಸಿಕೊಂಡು ಬಂದು… ಹತ್ತರಲ್ಲಿ ಒಂಬತ್ತು ಹೀಗೇ ಶುರು. ಬರೆಯುವವರ ಸೋಮಾರಿತನ ಇದಲ್ಲ. 281ನೇ ಕಲಮು ನಿಲ್ಲಬೇಕಾದರೆ ಚಾಲನೆ ದುಡುಕಿನದೋ ನಿರ್ಲಕ್ಷ್ಯದ್ದೋ ಆಗಿರಬೇಕು, ಹಾಗಾಗಿ ಕಾಗದ ಹಾಗೇ ಹುಟ್ಟುತ್ತದೆ. ದೇಶದ 2022ರ ವರದಿಯಲ್ಲಿ 4,61,312 ಅಪಘಾತಗಳ ಪೈಕಿ ನೂರಕ್ಕೆ 72ರಷ್ಟಕ್ಕೆ ಅತಿವೇಗವೇ ಕಾರಣ ಎಂದಿರುವುದನ್ನು ಓದುವಾಗ ಈ ಧಾಟಿಯನ್ನೂ ನೆನಪಿಡಬೇಕು. ವೇಗ ಕೊಲ್ಲುತ್ತದೆ, ಅನುಮಾನವಿಲ್ಲ. ಆದರೆ ಬ್ಯಾರಿಕೇಡ್ ತಪ್ಪು ಜಾಗದಲ್ಲಿತ್ತು, ಸರ್ವಿಸ್ ರಸ್ತೆ ಇಲ್ಲದ್ದರಿಂದ ಜನ ವಿರುದ್ಧ ದಿಕ್ಕಿನಲ್ಲಿ ಬರುತ್ತಿದ್ದರು, ಕಬ್ಬಿನ ಟ್ರ್ಯಾಕ್ಟರಿನ ಎರಡನೇ ಟ್ರೇಲರಿಗೆ ಹಿಂದೆ ಕೆಂಪು ರಿಫ್ಲೆಕ್ಟರ್ ಇರಲಿಲ್ಲ ಎಂಬಂಥವು ಈ ಅಂಕಣದಲ್ಲಿ ಹುಟ್ಟುವುದೇ ಇಲ್ಲ. ಅವನ್ನು ಸಾರದ ಒಳಗಿನ ಸಾಲುಗಳಿಂದ, ಪಂಚನಾಮೆಯ ನಕ್ಷೆಯಿಂದ ಹೆಕ್ಕಬೇಕು. ನವೆಂಬರಿನಿಂದ ಮಾರ್ಚ್‌ವರೆಗೆ ಹಳಿಯಾಳ, ಮುಂಡಗೋಡ ಕಡೆಯ ‘ಹಿಂದಿನಿಂದ ಡಿಕ್ಕಿ’ ಪ್ರಕರಣಗಳನ್ನು ಸಂಜೆ 6ರಿಂದ 9ರ ವೇಳೆಯ ಜತೆ ಇಟ್ಟು ನೋಡುವುದು ಒಳ್ಳೆಯ ಆರಂಭ. ದೇಶದಾದ್ಯಂತ ವರ್ಷವೂ ಅತಿ ಹೆಚ್ಚು ಅಪಘಾತದ ವೇಳೆ ಅದೇ. ಎಫ್‌ಐಆರ್ ಹುಡುಕಾಟಕ್ಕೆ ಐದಕ್ಕೆ ನಾಲ್ಕು.

ಇ-ಡಿಎಆರ್‌ಗೆ ಅಂಕ ಕೊಡುವುದು ಕಷ್ಟ, ಏಕೆಂದರೆ ಒಳಗಿನ ವಿವರ ಲಾಗಿನ್ ಇರುವ ಇಲಾಖೆಗಳಿಗೆ, ವಿಮಾ ಕಂಪನಿಗೆ, ಪರಿಹಾರ ನ್ಯಾಯಮಂಡಳಿಗೆ. ಸಾಮಾನ್ಯರು ಕಾಣುವುದು ಅದರಿಂದ ಬಸಿದ ವಾರ್ಷಿಕ ವರದಿಯನ್ನಷ್ಟೇ. ಅದರ ವಿನ್ಯಾಸ ಮಾತ್ರ ಮೆಚ್ಚಬೇಕಾದದ್ದು: ಪೊಲೀಸರು ಸ್ಥಳದಲ್ಲೇ ಮೊಬೈಲಿನಲ್ಲಿ ಜಿಪಿಎಸ್ ಬಿಂದು, ಚಿತ್ರ, ವಾಹನ ಸಂಖ್ಯೆ ಹಾಕಿದರೆ ಸಾರಿಗೆ, ಹೆದ್ದಾರಿ, ಆರೋಗ್ಯ ಇಲಾಖೆಗಳು ತಮ್ಮ ಭಾಗ ತುಂಬಬೇಕು. ಅನಶಿ, ದೇವಿಮನೆ, ಅರಬೈಲ್ ಘಟ್ಟಗಳಲ್ಲಿ ನೆಟ್‌ವರ್ಕ್ ಸಿಗದೆ ಠಾಣೆಗೆ ಬಂದು ತುಂಬಿದರೆ ಬಿಂದು ಎಲ್ಲಿ ಬೀಳುತ್ತದೆ ಎಂಬುದೇ ಪ್ರಶ್ನೆ. ನಕ್ಷೆ ಸಿಕ್ಕವರು ಠಾಣೆಯ ಕಟ್ಟಡದ ಮೇಲೆ ಗುಂಪಾಗಿ ಕೂತ ಚುಕ್ಕಿಗಳನ್ನು ಮೊದಲು ತೆಗೆದಿಟ್ಟು, ಎಫ್‌ಐಆರ್‌ನ ದಿಕ್ಕು-ದೂರದ ಜತೆ ತಾಳೆ ನೋಡಬೇಕು.

ಗಾಯಾಳುವಿನ ಮನೆಯವರಿಗೆ ಇದೇ ವ್ಯವಸ್ಥೆ ನೇರ ಉಪಯೋಗಕ್ಕೆ ಬರುತ್ತದೆ, ಅದು ಹೆಚ್ಚಿನವರಿಗೆ ತಿಳಿದಿಲ್ಲ. 2022ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದ ಪ್ರಕಾರ ತನಿಖಾಧಿಕಾರಿ 48 ಗಂಟೆಯೊಳಗೆ ಮೊದಲ ಅಪಘಾತ ವರದಿಯನ್ನು, 50 ದಿನದೊಳಗೆ ಮಧ್ಯಂತರ ವರದಿಯನ್ನು, 90 ದಿನದೊಳಗೆ ವಿವರ ವರದಿಯನ್ನು ನ್ಯಾಯಮಂಡಳಿಗೆ ಕೊಡಬೇಕು. 10 ದಿನದೊಳಗೆ ನಮೂನೆ 2ರಲ್ಲಿ ಹಕ್ಕುಗಳ ವಿವರ ಗಾಯಾಳುವಿನ ಕೈಸೇರಬೇಕು; ಸೇರದಿದ್ದರೆ ಠಾಣೆಯಲ್ಲಿ ನಮೂನೆಯ ಸಂಖ್ಯೆ ಹೇಳಿಯೇ ಕೇಳಿ. ಗುದ್ದಿ ಓಡಿಹೋದ ವಾಹನ ಪತ್ತೆಯಾಗದಿದ್ದರೆ ಸಾವಿಗೆ 2 ಲಕ್ಷ, ಭಾರೀ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. 2025ರ ಮೇ 5ರಂದು ಹೊರಬಿದ್ದ ನಗದುರಹಿತ ಚಿಕಿತ್ಸೆಯ ಯೋಜನೆಯಲ್ಲಿ ಅಪಘಾತದ ದಿನದಿಂದ 7 ದಿನದವರೆಗೆ, 1.5 ಲಕ್ಷ ರೂಪಾಯಿವರೆಗೆ ಅವಕಾಶವಿದೆ. ಇದಕ್ಕೆಲ್ಲ ಪೊಲೀಸ್ ದಾಖಲೆಯೇ ಬೀಗದ ಕೈ. ಈ ಭಾಗಕ್ಕೆ ಐದಕ್ಕೆ ನಾಲ್ಕು, ಸಾರ್ವಜನಿಕರಿಗೆ ತೆರೆದಿರುವ ಮಟ್ಟಿಗೆ ಒಂದು.

ಇನ್ನೊಂದು ಮಾತು, ಭಾಗಿಸುವ ಸಂಖ್ಯೆಯ ಬಗ್ಗೆ. ‘ಲಕ್ಷ ಜನಸಂಖ್ಯೆಗೆ ಇಷ್ಟು’ ಎಂಬ ದರ ನಮ್ಮ ಜಿಲ್ಲೆಗೆ ಹೊಂದುವುದಿಲ್ಲ. ಇಲ್ಲಿ ಓಡುವ ಲಾರಿ ಕೇರಳದ್ದು, ಕಾರು ಗೋವಾದ್ದು, ಬಸ್ಸು ಮುಂಬೈಯದು. ವಾಹನ ಎಣಿಕೆ ಬೇಕು. ಹಟ್ಟಿಕೇರಿ ಮತ್ತು ಹೊಳೆಗದ್ದೆ ಟೋಲ್‌ಗಳ ತಿಂಗಳ ಎಣಿಕೆಯನ್ನು ಹೆದ್ದಾರಿ ಪ್ರಾಧಿಕಾರದಿಂದ ಕೇಳಿ ಪಡೆಯಬಹುದು. ಆದರೆ ಬೈಕುಗಳಿಗೆ ಟೋಲ್ ಇಲ್ಲ, ಹಾಗಾಗಿ ಫಾಸ್ಟ್‌ಟ್ಯಾಗ್ ಲೆಕ್ಕದಲ್ಲಿ ಅವು ಇಲ್ಲವೇ ಇಲ್ಲ. 2022ರಲ್ಲಿ ದೇಶದಲ್ಲಿ ರಸ್ತೆಯಲ್ಲಿ ಸತ್ತ 1,68,491 ಜನರ ಪೈಕಿ ನೂರಕ್ಕೆ 44ಕ್ಕೂ ಹೆಚ್ಚು ಮಂದಿ ದ್ವಿಚಕ್ರದವರು. ಸಾಯುವವರ ಅತಿ ದೊಡ್ಡ ಗುಂಪೇ ಎಣಿಕೆಯ ಹೊರಗೆ! ಕಾರು-ಲಾರಿ ಡಿಕ್ಕಿಗಳಿಗೆ ಮಾತ್ರ ಟೋಲ್ ಎಣಿಕೆಯಿಂದ ಭಾಗಿಸಿ, ಬೈಕಿನದಕ್ಕೆ ಬರೀ ಸಂಖ್ಯೆ ಹೇಳುವುದು ಪ್ರಾಮಾಣಿಕ ದಾರಿ.

ಠಾಣೆವಾರು ವಿವರ ಕೂಡಿಸಲು ಬೇಸರವಿದ್ದವರು ಮಾಹಿತಿ ಹಕ್ಕಿನಲ್ಲಿ ಕಾರವಾರದ ಜಿಲ್ಲಾ ಪೊಲೀಸ್ ಕಚೇರಿಯ ಮಾಹಿತಿ ಅಧಿಕಾರಿಗೆ ಬರೆಯಬಹುದು. ಶುಲ್ಕ 10 ರೂಪಾಯಿ, ಪುಟಕ್ಕೆ 2 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದ ನಿಯಮದಲ್ಲಿ ಅರ್ಜಿಗೆ ಒಂದೇ ವಿಷಯ, 150 ಪದದ ಮಿತಿ. ಆದ್ದರಿಂದ ಪೀಠಿಕೆ ಬಿಟ್ಟು ನೇರ ಕೇಳಿ: ಇಂಥ ಠಾಣೆಯಲ್ಲಿ ಇಂಥ ಮೂರು ವರ್ಷದಲ್ಲಿ ದಾಖಲಾದ ರಸ್ತೆ ಅಪಘಾತ ಪ್ರಕರಣಗಳ ಗುನ್ನಾ ನಂಬರ್, ಅಪಘಾತದ ದಿನಾಂಕ ಮತ್ತು ವೇಳೆ, ಸ್ಥಳ ಮತ್ತು ಕಿಲೋಮೀಟರ್ ಕಲ್ಲು, ವಾಹನಗಳ ಬಗೆ, ಡಿಕ್ಕಿಯ ಬಗೆ, ಮೃತರ ಮತ್ತು ಗಾಯಾಳುಗಳ ಸಂಖ್ಯೆ, ನಂತರ ಕಲಮು ಬದಲಾಗಿದ್ದರೆ ಅದರ ದಿನಾಂಕ. ‘ಯಾರ ಹೆಸರು, ವಿಳಾಸವೂ ಬೇಡ’ ಎಂದು ನೀವೇ ಬರೆದುಬಿಡಿ, ಖಾಸಗಿ ಮಾಹಿತಿ ಎಂಬ ಕಾರಣ ಹೇಳಿ ಅರ್ಜಿ ಹಿಂದೆ ಬರುವುದು ತಪ್ಪುತ್ತದೆ. ಒಂದು ಅರ್ಜಿಗೆ ಒಂದೇ ಠಾಣೆ ಇಡಿ; ಇಡೀ ಜಿಲ್ಲೆಯದ್ದು ಒಟ್ಟಿಗೆ ಕೇಳಿದರೆ ‘ಕಚೇರಿಗೆ ಬಂದು ಕಡತ ಪರಿಶೀಲಿಸಿ’ ಎಂಬ ಉತ್ತರ ಬರುವ ಸಂಭವವೇ ಹೆಚ್ಚು.